ಮುದ್ದೆಗೆಷ್ಟು ಉರಿ, ಹಪ್ಪಳಕ್ಕೆಷ್ಟು ಉರಿ

ಮೈಕ್ರೋವೇವ್ ಓವನ್ನಿನ ಮುಂದೆ ನಿಂತವರು ಎರಡು ಸಂಗತಿ ತೀರ್ಮಾನಿಸಬೇಕು: ಎಷ್ಟು ಹೊತ್ತು, ಎಷ್ಟು ಉರಿ. ನಮ್ಮ ಬಹುಪಾಲು ಮನೆಗಳಲ್ಲಿ ತೀರ್ಮಾನವಾಗುವುದು ಮೊದಲನೆಯದು ಮಾತ್ರ. ಎರಡನೆಯದನ್ನು ಯಂತ್ರಕ್ಕೇ ಬಿಟ್ಟಿರುತ್ತೇವೆ. 'ಸ್ಟಾರ್ಟ್' ಅಥವಾ '+30 ಸೆಕೆಂಡ್' ಎಂಬ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಯಂತ್ರ ನೂರಕ್ಕೆ ನೂರು ಪವರಿನಲ್ಲೇ ಓಡುತ್ತದೆ. ಪವರ್ ಬದಲಿಸುವ ಗುಂಡಿ ಕೊಂಡು ತಂದ ದಿನದ ಹೊಳಪನ್ನು ಹಾಗೇ ಉಳಿಸಿಕೊಂಡಿರುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಊಟಕ್ಕೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ರಾಗಿ ಮುದ್ದೆ, ನವಣೆ ಮತ್ತು ಸಾವೆಯ ಅನ್ನ, ರೊಟ್ಟಿ, ಹುರುಳಿ ಸಾರು, ಶೇಂಗಾ, ಹೋಳಿಗೆ, ಇವುಗಳಲ್ಲಿ ಒಂದಕ್ಕೆ ಒಗ್ಗುವ ಉರಿ ಇನ್ನೊಂದಕ್ಕೆ ಒಗ್ಗದು. ಎಲ್ಲವನ್ನೂ ಒಂದೇ ಉರಿಯಲ್ಲಿ ಬಿಸಿ ಮಾಡಿ, ಮುದ್ದೆ ಮೇಲೆ ಸುಡುತ್ತದೆ ಒಳಗೆ ತಣ್ಣಗಿರುತ್ತದೆ, ರೊಟ್ಟಿ ಜಗಿಯಲು ಬರುವುದಿಲ್ಲ, ಸಾರು ಸಿಡಿದು ಓವನ್ನೆಲ್ಲ ರಾಡಿ ಎಂದು ದೂರಿ, ಕೊನೆಗೆ ಆ ಯಂತ್ರವನ್ನು ಹಾಲು ಕಾಯಿಸುವುದಕ್ಕೋ ಹಪ್ಪಳ ಸುಡುವುದಕ್ಕೋ ಮೀಸಲಿಡುತ್ತೇವೆ. ತಪ್ಪು ಯಂತ್ರದ್ದೂ ಅಲ್ಲ, ಮುದ್ದೆಯದೂ ಅಲ್ಲ. ಪದಾರ್ಥದಲ್ಲಿ ನೀರೆಷ್ಟಿದೆ, ಅದು ಎಷ್ಟು ದಪ್ಪವಿದೆ, ನಡುವೆ ಕಲಕಲು ಬರುತ್ತದೆಯೇ, ಈ ಮೂರನ್ನು ನೋಡಿ ಪವರ್ ಆರಿಸಿಕೊಂಡರೆ ಈ ದೂರುಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ.

ಇದು ಹೊಸ ತಿಳಿವಳಿಕೆಯೇನಲ್ಲ. ಸೌದೆ ಒಲೆಯಲ್ಲಿ ಮುದ್ದೆ ಮಾಡುವವರು ಎಸರು ಮರಳುವ ತನಕ ಉರಿ ದೊಡ್ಡದಾಗಿಟ್ಟು, ಹಿಟ್ಟು ಸುರಿದ ಮೇಲೆ ಸೌದೆಯನ್ನು ಹಿಂದಕ್ಕೆ ಎಳೆದು, ಸಣ್ಣ ಉರಿಯಲ್ಲಿ ಹಿಟ್ಟು ಬೇಯಲು ಬಿಟ್ಟು, ಆಮೇಲೆ ಕೋಲು ಹಾಕಿ ತಿರುವುತ್ತಾರೆ. ನೀರು ಕಾಯುವುದಕ್ಕೆ ಬೇಕಾದದ್ದು ಜೋರು ಉರಿ. ಹಿಟ್ಟು ಬೇಯುವುದಕ್ಕೆ ಬೇಕಾದದ್ದು ಹೊತ್ತು. ಮೈಕ್ರೋವೇವಿನ ಪವರ್ ಗುಂಡಿ ಮಾಡುವುದೂ ಸೌದೆಯನ್ನು ಹಿಂದಕ್ಕೆಳೆಯುವ ಆ ಕೆಲಸವನ್ನೇ. ಒಲೆಯಲ್ಲಿ ಉರಿ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಕೈ ತಾನಾಗಿ ಸೌದೆಯತ್ತ ಹೋಗುತ್ತದೆ. ಓವನ್ನಿನಲ್ಲಿ ಉರಿ ಕಾಣುವುದಿಲ್ಲ, ಕಾಣುವುದು ಇಳಿಯುತ್ತಿರುವ ಸೆಕೆಂಡುಗಳು ಮಾತ್ರ. ಹಾಗಾಗಿ ನಾವು ಸೆಕೆಂಡನ್ನಷ್ಟೇ ನಂಬುತ್ತೇವೆ.

ಕಾಣದ ಆ ಉರಿ ಯಾವುದೆಂದು ಸ್ವಲ್ಪ ನೋಡೋಣ. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರಾಂಡಲ್ ಮತ್ತು ಹ್ಯಾರಿ ಬೂಟ್ ಎಂಬಿಬ್ಬರು ರೇಡಾರಿಗಾಗಿ ಕ್ಯಾವಿಟಿ ಮ್ಯಾಗ್ನೆಟ್ರಾನ್ ಎಂಬ ಕೊಳವೆಯನ್ನು ರೂಪಿಸಿದರು. ಯುದ್ಧದ ಕೊನೆಯ ವರ್ಷ 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್, ಅದೇ ಕೊಳವೆಯ ಅಲೆಗಳು ತಿನಿಸನ್ನು ಬಿಸಿಮಾಡುತ್ತವೆ ಎಂಬುದನ್ನು ಕಂಡುಕೊಂಡು ಪೇಟೆಂಟಿಗೆ ಅರ್ಜಿ ಹಾಕಿದರು. ಅಡುಗೆಮನೆಯ ಕಟ್ಟೆಯ ಮೇಲೆ ಕೂರುವ ಅಮಾನಾ ಓವನ್ ಮಾರುಕಟ್ಟೆಗೆ ಬಂದದ್ದು 1967ರಲ್ಲಿ. ಇಂದಿಗೂ ಮನೆಯ ಓವನ್ನುಗಳ ಎದೆಯಲ್ಲಿರುವುದು ಮ್ಯಾಗ್ನೆಟ್ರಾನೇ. ಅದು ಹೊರಡಿಸುವ ಅಲೆ ಸೆಕೆಂಡಿಗೆ 245 ಕೋಟಿ ಸಲ ಆಚೀಚೆ ತೂಗುತ್ತದೆ; ಪದಾರ್ಥದಲ್ಲಿರುವ ನೀರಿನ ಅಣುಗಳು ಆ ವೇಗಕ್ಕೆ ತಿರುಗಲು ಹೋಗಿ, ಅಕ್ಕಪಕ್ಕದ ಅಣುಗಳಿಗೆ ತಾಗಿ, ಬಿಸಿ ಹುಟ್ಟುತ್ತದೆ. ಉಪ್ಪು ಬೆರೆತ ಪದಾರ್ಥದಲ್ಲಿ ಉಪ್ಪಿನ ಕಣಗಳ ಓಡಾಟದಿಂದಲೂ ಬಿಸಿಯಾಗುತ್ತದೆ. ತಟ್ಟೆ ಬಿಸಿಯಾಗದೆ ಊಟ ಬಿಸಿಯಾಗುವುದು ಇದರಿಂದ.

ಮೈಕ್ರೋವೇವ್ ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಅದು ತಪ್ಪು, ಮತ್ತು ನಮ್ಮ ಅರ್ಧ ತೊಂದರೆ ಆ ತಪ್ಪಿನಿಂದಲೇ ಹುಟ್ಟಿದ್ದು. ನೀರಿನಂಶ ಚೆನ್ನಾಗಿರುವ ಪದಾರ್ಥದಲ್ಲಿ ಈ ಅಲೆಗಳು ಎರಡು-ಮೂರು ಸೆಂಟಿಮೀಟರ್ ಒಳಹೋಗುವುದರಲ್ಲಿ ತಮ್ಮ ಶಕ್ತಿಯ ಹೆಚ್ಚಿನ ಪಾಲನ್ನು ಕಳೆದುಕೊಂಡಿರುತ್ತವೆ. ಅದಕ್ಕಿಂತ ಒಳಗಿರುವ ಭಾಗ ಬಿಸಿಯಾಗಬೇಕಾದರೆ ಹೊರಪದರದ ಬಿಸಿ ನಿಧಾನಕ್ಕೆ ಒಳಗೆ ಸಾಗಬೇಕು, ಒಲೆಯ ಮೇಲೆ ಆಗುವ ಹಾಗೆಯೇ. ಆ ಸಾಗಾಟ ಎಷ್ಟು ನಿಧಾನ ಎಂಬುದನ್ನು ನಾವು ಅಂದಾಜಿಸುವುದೇ ಇಲ್ಲ. ನೀರು ತುಂಬಿದ ಗಟ್ಟಿ ಪದಾರ್ಥದಲ್ಲಿ ಬಿಸಿ ಒಂದು ಸೆಂಟಿಮೀಟರ್ ದೂರಕ್ಕೆ ಚೆನ್ನಾಗಿ ಹರಡಿಕೊಳ್ಳಲು ಸುಮಾರು ಹತ್ತು-ಹನ್ನೆರಡು ನಿಮಿಷ ಹಿಡಿಯುತ್ತದೆ. ದೂರ ಎರಡರಷ್ಟಾದರೆ ಹೊತ್ತು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ.

ಈಗ ಒಂದು ಮುದ್ದೆಯನ್ನು ಹತ್ತಿರದಿಂದ ನೋಡಿ. ಬೆಳಿಗ್ಗೆ ಮಾಡಿದ್ದು, 300 ಗ್ರಾಂ ತೂಕ, ಎಂಟು ಸೆಂಟಿಮೀಟರಿನಷ್ಟು ಅಗಲದ ಗುಂಡು; ನಡುವಿನ ಭಾಗ ಮೇಲ್ಮೈಯಿಂದ ನಾಲ್ಕು ಸೆಂಟಿಮೀಟರ್ ಒಳಗಿದೆ. ಅದನ್ನು 30 ಡಿಗ್ರಿಯಿಂದ 75 ಡಿಗ್ರಿಗೆ ಏರಿಸಲು ಬೇಕಾಗುವ ಶಕ್ತಿ ಸುಮಾರು 45,000 ಜೂಲ್. 700 ವ್ಯಾಟಿನ ಓವನ್ ಪೂರ್ತಿ ಪವರಿನಲ್ಲಿ ಅಷ್ಟು ಶಕ್ತಿಯನ್ನು ಒಂದು ನಿಮಿಷ ಐದು ಸೆಕೆಂಡಿನಲ್ಲಿ ಕೊಟ್ಟುಬಿಡುತ್ತದೆ. ಕೊಡುವುದೇನೋ ಕೊಡುತ್ತದೆ, ಆದರೆ ಹೆಚ್ಚಿನದು ಹೊರಪದರಕ್ಕೆ. ಒಂದು ನಿಮಿಷದಲ್ಲಿ ನಡುಭಾಗಕ್ಕೆ ಬಿಸಿ ಸಾಗುವುದು ನಾವು ಈಗ ನೋಡಿದ ಲೆಕ್ಕದಲ್ಲಿ ಸಾಧ್ಯವೇ ಇಲ್ಲ. ಹೊರಪದರ ಮಾತ್ರ ಕುದಿಬಿಂದು ಮುಟ್ಟಿ, ಅಲ್ಲಿನ ನೀರು ಹಬೆಯಾಗಿ ಹೊರಟು, ಮುದ್ದೆಯ ಮೇಲೆ ಒಣಗಿದ ತೊಗಲು ಕಟ್ಟುತ್ತದೆ. ಒಂದು ಗ್ರಾಂ ನೀರನ್ನು 30ರಿಂದ 100 ಡಿಗ್ರಿಗೆ ತರಲು 300 ಜೂಲಿಗಿಂತ ಕಡಿಮೆ ಸಾಕು. ಅದೇ ಗ್ರಾಂ ನೀರನ್ನು ಹಬೆ ಮಾಡಲು 2,250 ಜೂಲ್ ಬೇಕು. ಅಂದರೆ ಹೊರಪದರ ಕುದಿಯಲು ತೊಡಗಿದ ಮೇಲೆ ನಾವು ಕೊಟ್ಟ ಉರಿಯ ದೊಡ್ಡ ಪಾಲು ಮುದ್ದೆಯನ್ನು ಬಿಸಿಮಾಡಲು ಹೋಗುವುದಿಲ್ಲ, ಒಣಗಿಸಲು ಹೋಗುತ್ತದೆ. ಇನ್ನೊಂದು ನಿಮಿಷ ಇಟ್ಟರೆ ಸರಿಹೋದೀತು ಎಂದು ಮತ್ತೆ ಗುಂಡಿ ಒತ್ತುವುದು ಇದನ್ನು ಇನ್ನೂ ಕೆಡಿಸುತ್ತದೆ. ಪವರ್ ತಗ್ಗಿಸಿದರಷ್ಟೇ ಸಾಲದು ಎಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ನಾಲ್ಕು ಸೆಂಟಿಮೀಟರ್ ದಪ್ಪದ ದಾರಿಯನ್ನು ಯಾವ ಪವರೂ ಐದು ನಿಮಿಷದಲ್ಲಿ ದಾಟಿಸಲಾರದು. ಆದ್ದರಿಂದ ಮುದ್ದೆಯನ್ನು ಮುರಿದು ಮೂರು ಸೆಂಟಿಮೀಟರ್ ಮೀರದ ಬಿಲ್ಲೆಗಳಾಗಿ ತಟ್ಟಿ, ನೀರು ಚಿಮುಕಿಸಿ, ಮುಚ್ಚಳವಿರುವ ಗಾಜಿನ ಬಟ್ಟಲಿನ ಅಂಚಿನಲ್ಲಿ ಸುತ್ತಲೂ ಇಡಬೇಕು. ಈಗ ಅಲೆಗಳು ಮೇಲಿನಿಂದಲೂ ಕೆಳಗಿನಿಂದಲೂ ನಡುಭಾಗ ಮುಟ್ಟುತ್ತವೆ. 60ರ ಪವರಿನಲ್ಲಿ ಎರಡು ನಿಮಿಷ, ಆರಿಸಿದ ಮೇಲೆ ಮುಚ್ಚಳ ತೆಗೆಯದೆ ಎರಡು ನಿಮಿಷ. ಕೈ ಒದ್ದೆ ಮಾಡಿಕೊಂಡು ಮತ್ತೆ ಮುದ್ದೆ ಕಟ್ಟಿದರೆ ಸಾರಿನಲ್ಲಿ ಅದ್ದಿ ನುಂಗಬಹುದಾದ ಮುದ್ದೆಯೇ ಸಿಗುತ್ತದೆ. ಆರಿಸಿದ ಮೇಲಿನ ಆ ಎರಡು ನಿಮಿಷವೂ ಅಡುಗೆಯ ಲೆಕ್ಕಕ್ಕೆ ಸೇರಿದ್ದು. ಬಿಸಿ ಒಳಗೆ ಸಮನಾಗಿ ಹರಡಿಕೊಳ್ಳುವುದು ಆಗಲೇ.

ಕಾಳಿನ ಅನ್ನಕ್ಕೆ ಬಂದರೆ ಕಾರಣ ಬೇರೆ, ತೀರ್ಮಾನ ಒಂದೇ. ಹೊಸದುರ್ಗದ ಕಡೆ ಬೆಳೆಯುವ ಸಾವೆ, ನವಣೆಗಳು ಬೇಯುವುದೆಂದರೆ ಕಾಳು ನೀರು ಹೀರಿ, ಅದರೊಳಗಿನ ಪಿಷ್ಟ ಉಬ್ಬಿ ಮೆತ್ತಗಾಗುವುದು. ನೀರು ಹೀರುವುದಕ್ಕೆ ಕಾಳಿಗೆ ತನ್ನದೇ ವೇಗವಿದೆ. ನೀರು ಒಮ್ಮೆ ಕುದಿಯಲು ತೊಡಗಿತೆಂದರೆ ಎಷ್ಟೇ ಉರಿ ಕೊಟ್ಟರೂ ತೆರೆದ ಪಾತ್ರೆಯಲ್ಲಿ ಅದರ ಬಿಸಿ ಮೇಲಕ್ಕೇರುವುದಿಲ್ಲ. ಸಮುದ್ರಮಟ್ಟದಲ್ಲಿ 100 ಡಿಗ್ರಿ ಎಂದು ಶಾಲೆಯಲ್ಲಿ ಕಲಿತ ಆ ಮಿತಿ, ಸಮುದ್ರಮಟ್ಟದಿಂದ 700 ಮೀಟರಿಗಿಂತ ಎತ್ತರದಲ್ಲಿರುವ ಚಿತ್ರದುರ್ಗದಲ್ಲಿ 98 ಡಿಗ್ರಿಗಿಂತ ತುಸು ಕೆಳಗಿದೆ. ಪ್ರತಿ 300 ಮೀಟರ್ ಮೇಲೇರಿದರೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ, ಹಾಗಾಗಿ ಜೋಗಿಮಟ್ಟಿಯ ನೆತ್ತಿಯ ಮೇಲೆ ಯಾರಾದರೂ ಅನ್ನಕ್ಕಿಟ್ಟರೆ ಊರಿಗಿಂತ ಇನ್ನಷ್ಟು ತಡವಾಗುತ್ತದೆ. ಕುದಿಯುವ ನೀರಿಗೆ ಕೊಟ್ಟ ಹೆಚ್ಚಿನ ಉರಿ ಮಾಡುವ ಕೆಲಸ ಎರಡೇ: ನೊರೆ ಉಕ್ಕಿಸಿ ಚೆಲ್ಲುವುದು, ಕಾಳು ಹೀರುವ ಮೊದಲೇ ನೀರನ್ನು ಹಬೆ ಮಾಡಿ ಕಳೆಯುವುದು. ಅರ್ಧ ಗಂಟೆ ನೆನೆದ ಒಂದು ಬಟ್ಟಲು ನವಣೆಗೆ ಎರಡೂವರೆ ಬಟ್ಟಲು ನೀರು ಹಾಕಿ, ಎತ್ತರದ ಪಾತ್ರೆಯಲ್ಲಿ ನೂರರ ಪವರಿನಲ್ಲಿ ಐದಾರು ನಿಮಿಷ ಇಟ್ಟು ಕುದಿ ಬರಿಸಿ, ಆಮೇಲೆ 50ಕ್ಕೆ ಇಳಿಸಿ ಹತ್ತು-ಹನ್ನೆರಡು ನಿಮಿಷ, ಕೊನೆಗೆ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಕಾಳು ಬಿಡಿಬಿಡಿಯಾಗಿ ಬೇಯುತ್ತದೆ. ಮೊದಲ ಹಂತದಲ್ಲಿ ನೂರನ್ನು ಬಳಸಿದ್ದು ಸರಿ, ಏಕೆಂದರೆ ಅಲ್ಲಿ ಬಿಸಿಯಾಗಬೇಕಾದದ್ದು ನೀರು.

ಇಲ್ಲಿ ಯಂತ್ರದ ಒಳಗುಟ್ಟು ಬಲ್ಲವರು ಒಂದು ಆಕ್ಷೇಪ ಎತ್ತುತ್ತಾರೆ, ಅದಕ್ಕೆ ತೂಕವೂ ಇದೆ. ಸಾಮಾನ್ಯ ಬೆಲೆಯ ಓವನ್ನಿನಲ್ಲಿ 50ರ ಪವರ್ ಎಂಬುದೇ ಇಲ್ಲ, ಅದು ಪೂರ್ತಿ ಪವರಿನಲ್ಲೇ ಓಡುತ್ತದೆ, ಆದರೆ ನಿಂತು ನಿಂತು ಓಡುತ್ತದೆ, ಹಾಗಿದ್ದಮೇಲೆ ಮುದ್ದೆಯ ಮೇಲೆ ಬೀಳುವುದು ಅದೇ ಜೋರು ಉರಿ ತಾನೇ ಎಂದು ಅವರ ವಾದ. ಮೊದಲ ಭಾಗ ನಿಜ. ಓವನ್ನಿಗೆ ಕಿವಿಗೊಟ್ಟರೆ ಅದು ತಿಳಿಯುತ್ತದೆ: 50ಕ್ಕಿಟ್ಟಾಗ ತಟ್ಟೆ ತಿರುಗುತ್ತಲೇ ಇರುತ್ತದೆ, ಫ್ಯಾನ್ ಸದ್ದೂ ನಿಲ್ಲುವುದಿಲ್ಲ, ಆದರೆ ಹತ್ತು-ಹದಿನೈದು ಸೆಕೆಂಡಿಗೊಮ್ಮೆ ಒಂದು ದಪ್ಪ ಗುಂಯ್ ಸದ್ದು ಸೇರಿಕೊಳ್ಳುತ್ತದೆ, ಮತ್ತೆ ಬಿಟ್ಟುಹೋಗುತ್ತದೆ, ಕೆಲವು ಮನೆಗಳಲ್ಲಿ ಆ ಗಳಿಗೆಗೆ ದೀಪವೂ ತುಸು ಮಂಕಾಗುತ್ತದೆ. ಸದ್ದು ಇರುವಾಗ ಮ್ಯಾಗ್ನೆಟ್ರಾನ್ ಉರಿಯುತ್ತಿದೆ, ಇಲ್ಲದಾಗ ಆರಿದೆ. ಆದರೆ ವಾದದ ಎರಡನೆಯ ಭಾಗ ನಿಲ್ಲುವುದಿಲ್ಲ. ಪದಾರ್ಥಕ್ಕೆ ಬೇಕಾಗಿದ್ದದ್ದು ಮೆಲುವಾದ ಅಲೆ ಅಲ್ಲ, ಬಿಸಿ ಒಳಕ್ಕೆ ಸಾಗಲು ಬಿಡುವು. ಆರಿದ ಹದಿನೈದು ಸೆಕೆಂಡುಗಳಲ್ಲಿ ಹೊರಪದರ ತನ್ನ ಬಿಸಿಯಲ್ಲಿ ಸ್ವಲ್ಪವನ್ನು ಒಳಗೆ ಕೊಟ್ಟು ತಾನು ತುಸು ಇಳಿಯುತ್ತದೆ. ಮುಂದಿನ ಹದಿನೈದು ಸೆಕೆಂಡಿನಲ್ಲಿ ಕುದಿಬಿಂದು ದಾಟಿ ಒಣಗುವ ಅಪಾಯ ಅಷ್ಟು ಕಡಿಮೆಯಾಗುತ್ತದೆ. ಅರ್ಧ ಕಿಲೋ ಪಲ್ಯಕ್ಕೋ ಎರಡು ಬಿಲ್ಲೆ ಮುದ್ದೆಗೋ ಇದು ಧಾರಾಳ ಸಾಕು. ಆಕ್ಷೇಪ ನಿಜವಾಗಿ ತಗಲುವುದು ಸಣ್ಣ ಪ್ರಮಾಣದ ಪದಾರ್ಥಕ್ಕೆ. ಎರಡು ಚಮಚ ಬೆಣ್ಣೆಯ ಮೇಲೆ ಹದಿನೈದು ಸೆಕೆಂಡು ಪೂರ್ತಿ ಪವರ್ ಬಿದ್ದರೆ ಬಿಡುವು ಬರುವಷ್ಟರಲ್ಲಿ ಬೆಣ್ಣೆ ಕರಗಿ ಸಿಡಿದಿರುತ್ತದೆ. ಆಗ ಪಕ್ಕದಲ್ಲಿ ಅರ್ಧ ಲೋಟ ನೀರು ಇಟ್ಟರೆ ಅಲೆಗಳ ದೊಡ್ಡ ಪಾಲನ್ನು ಆ ನೀರು ಹೀರಿಕೊಳ್ಳುತ್ತದೆ, ಬೆಣ್ಣೆಗೆ ಬೇಕಾದಷ್ಟೇ ಉಳಿಯುತ್ತದೆ. ಇನ್ವರ್ಟರ್ ಇರುವ ಓವನ್ನುಗಳು ಆರದೆ ಉರಿಯುತ್ತ, ಉರಿಯನ್ನೇ ತಗ್ಗಿಸಿ ಕೊಡುತ್ತವೆ. ಬೆಲೆ ಹೆಚ್ಚು, ಆದರೆ ಬೆಣ್ಣೆ, ಚಾಕೊಲೇಟ್, ಹಿಮಗಟ್ಟಿದ ಮಾಂಸ ಇವುಗಳ ಜತೆ ದಿನಾ ಒಡನಾಟವಿರುವ ಅಡುಗೆಮನೆಗೆ ಆ ಹಣ ದಂಡವಲ್ಲ.

ಇನ್ನೊಂದು ಆಕ್ಷೇಪ ಕರೆಂಟ್ ಬಿಲ್ಲಿನದು. ಎರಡು ನಿಮಿಷದ ಕೆಲಸಕ್ಕೆ ನಾಲ್ಕು ನಿಮಿಷ ಓಡಿಸಿದರೆ ಬಿಲ್ ಎರಡರಷ್ಟಾಗುವುದಿಲ್ಲವೇ? ಆಗುವುದಿಲ್ಲ. 700 ವ್ಯಾಟ್ ಬಿಸಿ ಕೊಡುವ ಓವನ್ ಗೋಡೆಯಿಂದ ಎಳೆದುಕೊಳ್ಳುವುದು 1,100ರಿಂದ 1,200 ವ್ಯಾಟ್. ಪೂರ್ತಿ ಪವರಿನಲ್ಲಿ ಎರಡು ನಿಮಿಷ ಓಡಿದರೆ ಒಂದು ಯೂನಿಟ್ಟಿನ ಇಪ್ಪತ್ತೈದನೇ ಒಂದು ಭಾಗದಷ್ಟು ಖರ್ಚು. 50ರ ಪವರಿನಲ್ಲಿ ನಾಲ್ಕು ನಿಮಿಷ ಓಡಿದಾಗ ಮ್ಯಾಗ್ನೆಟ್ರಾನ್ ಉರಿದದ್ದೂ ಒಟ್ಟು ಎರಡೇ ನಿಮಿಷ. ಉಳಿದ ಎರಡು ನಿಮಿಷಕ್ಕೆ ಖರ್ಚಾದದ್ದು ದೀಪ, ಫ್ಯಾನ್, ತಿರುಗುವ ತಟ್ಟೆ ಮಾತ್ರ. ಹೆಚ್ಚುವರಿ ಖರ್ಚು ಪೈಸೆಗಳಲ್ಲಿ ಎಣಿಸುವಂಥದು. ನಿಜವಾಗಿ ಹೆಚ್ಚಾಗುವುದು ನಮ್ಮ ಕಾಯುವಿಕೆ, ಎರಡು ನಿಮಿಷ. ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿಯಬೇಕಾದವರಿಗೆ ಆ ಎರಡು ನಿಮಿಷವೂ ದೊಡ್ಡದೆಂಬುದನ್ನು ಒಪ್ಪುತ್ತೇನೆ. ಆದರೆ ಒಣಗಿದ ಮುದ್ದೆಯನ್ನು ಬಿಸಾಡಿ ಬರಿಹೊಟ್ಟೆಯಲ್ಲಿ ಹೊರಡುವುದಕ್ಕಿಂತ ಅದು ಮೇಲು.

ಪವರ್ ತಗ್ಗಿಸುವುದೇ ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ನೂರರ ಪವರ್ ಮಾತ್ರವೇ ಸಲ್ಲುವ ಪದಾರ್ಥಗಳೂ ಇವೆ, ಅವುಗಳಲ್ಲಿ ಹಪ್ಪಳಕ್ಕೆ ಮೊದಲ ಸ್ಥಾನ. ಹಪ್ಪಳ ತೆಳ್ಳಗಿರುವುದರಿಂದ ಒಳಗು-ಹೊರಗು ಎಂಬ ಭೇದವೇ ಇಲ್ಲ. ಅದರಲ್ಲಿ ಉಳಿದಿರುವ ಅಲ್ಪ ನೀರು ಒಮ್ಮೆಲೇ ಹಬೆಯಾದರೆ ಮಾತ್ರ ಹಿಟ್ಟು ಉಬ್ಬಿ ಹೊರಳುತ್ತದೆ. 40ಕ್ಕಿಟ್ಟರೆ ನೀರು ಸದ್ದಿಲ್ಲದೆ ಸೋರಿಹೋಗಿ ಹಪ್ಪಳ ಉಬ್ಬದೆ ಗಟ್ಟಿಯಾಗಿ ಉಳಿಯುತ್ತದೆ. ನೂರರಲ್ಲಿ 40 ಸೆಕೆಂಡಿನಿಂದ ಒಂದು ನಿಮಿಷ, ಅಷ್ಟೇ. ಹಪ್ಪಳದ ಮೇಲೆಯೇ ಅಲೆಗಳ ನಡೆಯನ್ನೂ ನೋಡಬಹುದು: ತಟ್ಟೆ ತಿರುಗದಂತೆ ಮಾಡಿ ಹಪ್ಪಳಗಳನ್ನು ಹರಡಿಟ್ಟರೆ ಕೆಲವು ಕಡೆ ಮಾತ್ರ ಉಬ್ಬುತ್ತದೆ, ನಡುವೆ ಹಸಿ ಪಟ್ಟೆ ಉಳಿಯುತ್ತದೆ. ಅಲೆಯ ಉದ್ದ ಹನ್ನೆರಡು ಸೆಂಟಿಮೀಟರ್. ಉಬ್ಬಿದ ಜಾಗಗಳ ನಡುವಿನ ಅಂತರ ಹೆಚ್ಚುಕಡಿಮೆ ಅದರ ಅರ್ಧ. ಓವನ್ನಿನೊಳಗೆ ಉರಿ ಎಲ್ಲ ಕಡೆ ಸಮನಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ತಿರುಗುವ ತಟ್ಟೆ ಇರುವುದೂ, ಪದಾರ್ಥವನ್ನು ನಟ್ಟನಡುವೆ ಇಡುವ ಬದಲು ಅಂಚಿಗೆ ಇಡಿ ಎನ್ನುವುದೂ ಇದಕ್ಕೇ. ತಿಳಿಸಾರು, ಬಸ್ಸಾರಿನ ಕಟ್ಟು, ಕಾಫಿಗೆ ನೀರು, ತೆಳ್ಳಗೆ ಹೆಚ್ಚಿದ ಬೀನ್ಸು, ಸೊಪ್ಪು ಇವಕ್ಕೂ ನೂರೇ ಸರಿ. ತೆಳು ಪದಾರ್ಥದಲ್ಲಿ ಬಿಸಿ ತಾನೇ ಓಡಾಡುತ್ತದೆ, ಇಲ್ಲವೇ ಒಮ್ಮೆ ಕಲಕಿದರೆ ಸಮನಾಗುತ್ತದೆ. ಸೊಪ್ಪು-ತರಕಾರಿಯನ್ನು ಚೂರು ನೀರಲ್ಲಿ ಮುಚ್ಚಿ ಬೇಗ ಬೇಯಿಸಿದರೆ ನೀರಿನೊಂದಿಗೆ ಚೆಲ್ಲಿಹೋಗುವ ಸಿ ಜೀವಸತ್ವವೂ ಹೆಚ್ಚು ಉಳಿಯುತ್ತದೆ. ಗಟ್ಟಿಯಾದ ಹುರುಳಿಕಟ್ಟಿನ ಸಾರು, ಬೇಳೆ, ಅವರೆಕಾಳು ಗೊಜ್ಜು ಮಾತ್ರ ಈ ಗುಂಪಿಗೆ ಸೇರುವುದಿಲ್ಲ. ಅಡಿಯಲ್ಲಿ ಹುಟ್ಟಿದ ಹಬೆ ಗಟ್ಟಿ ಸಾರನ್ನು ಸೀಳಿಕೊಂಡು ಮೇಲೆ ಬರಲಾಗದೆ ತಡೆದು ಒಮ್ಮೆಲೇ ಸಿಡಿಯುತ್ತದೆ. ಅದಕ್ಕೆ 70, ನಡುನಡುವೆ ಎರಡು ಸಲ ಸೌಟು.

ಎಣ್ಣೆ ಮತ್ತು ಬೆಲ್ಲ ಇರುವ ಪದಾರ್ಥಗಳ ಸ್ವಭಾವ ಬೇರೆ, ಮತ್ತು ನಮ್ಮ ಸೀಮೆಯಲ್ಲಿ ಅವು ಹೇರಳ. ಹೋಳಿಗೆಯನ್ನು ನೂರರಲ್ಲಿ ಒಂದು ನಿಮಿಷ ಬಿಸಿಮಾಡಿ ಮುಟ್ಟಿ ನೋಡಿದರೆ ಕಣಕ ಉಗುರುಬೆಚ್ಚಗಿರುತ್ತದೆ, ಕಚ್ಚಿದರೆ ಹೂರಣ ನಾಲಿಗೆ ಸುಡುತ್ತದೆ. ಕಣಕದಲ್ಲಿ ನೀರು ಕಡಿಮೆ. ಹೂರಣದಲ್ಲಿ ನೀರೂ ಇದೆ, ಬೆಲ್ಲವೂ ಇದೆ, ಬೆಲ್ಲದ ಪಾಕ ಅದೇ ಶಕ್ತಿಗೆ ನೀರಿಗಿಂತ ಹೆಚ್ಚು ಡಿಗ್ರಿ ಏರುತ್ತದೆ. ಮಕ್ಕಳಿಗೆ ಕೊಡುವ ಮೊದಲು ಇದನ್ನು ನೆನಪಿಡಲೇಬೇಕು. 50ರಲ್ಲಿ 40 ಸೆಕೆಂಡು ಇಟ್ಟು, ಒಂದು ನಿಮಿಷ ಬಿಟ್ಟರೆ ಹೂರಣದ ಬಿಸಿ ಕಣಕಕ್ಕೆ ಬಂದು ಎರಡೂ ಸಮವಾಗುತ್ತವೆ. ಶೇಂಗಾ ಹುರಿಯುವುದಂತೂ ಜಾಣತನ ಬೇಡುವ ಕೆಲಸ. ಪಕ್ಕದ ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ಬಲ್ಲವರಿಗೆ ಶೇಂಗಾದ ಅರ್ಧದಷ್ಟು ತೂಕ ಎಣ್ಣೆಯದೇ ಎಂಬುದು ಗೊತ್ತು. ಹಸಿ ಬೀಜದಲ್ಲಿ ನೀರು ನೂರಕ್ಕೆ ಎಂಟನ್ನು ಮೀರುವುದಿಲ್ಲ. ಮೊದಲ ಒಂದೆರಡು ನಿಮಿಷ ಆ ನೀರು ಹಬೆಯಾಗಿ ಹೋಗುವ ತನಕ ನೂರರಲ್ಲಿ ಇಡಬಹುದು. ನೀರು ಕಳೆದ ಮೇಲೆ ಬಿಸಿಯನ್ನು ಕುದಿಬಿಂದುವಿನಲ್ಲಿ ಹಿಡಿದಿಡುವುದಕ್ಕೆ ಏನೂ ಉಳಿಯುವುದಿಲ್ಲ. ಎಣ್ಣೆ ನೀರಿನ ಅರ್ಧದಷ್ಟು ಶಕ್ತಿಗೇ ಅಷ್ಟೇ ಡಿಗ್ರಿ ಏರುತ್ತದೆ. ಹೊರಗೆ ಬಣ್ಣ ಬರುವಷ್ಟರಲ್ಲಿ ಬೀಜದ ನಡುಭಾಗ ಕರಕಾಗಿರಬಹುದು. ಒಂದೇ ಪದರ ಹರಡಿ, 60ಕ್ಕೋ 70ಕ್ಕೋ ಇಳಿಸಿ, ನಿಮಿಷಕ್ಕೊಮ್ಮೆ ಕೈಯಾಡಿಸಿ, ಇನ್ನೂ ಸ್ವಲ್ಪ ಹುರಿಯಬೇಕು ಅನಿಸುವಾಗಲೇ ಹೊರತೆಗೆದು ಅಗಲವಾದ ತಟ್ಟೆಗೆ ಸುರಿಯಬೇಕು. ಹೊರಬಂದ ಮೇಲೂ ಎಣ್ಣೆಯ ಬಿಸಿಯಲ್ಲಿ ಬೀಜ ಎರಡು ನಿಮಿಷ ಹುರಿಯುತ್ತಲೇ ಇರುತ್ತದೆ. ತುಪ್ಪ ಕರಗಿಸಲು 30 ಸಾಕು.

ರೊಟ್ಟಿಗೆ ಒದ್ದೆ ಬಟ್ಟೆ ಸುತ್ತಿ 50ರಲ್ಲಿ ಇಪ್ಪತ್ತು ಸೆಕೆಂಡು. ಅದಕ್ಕಿಂತ ಹೆಚ್ಚಾದರೆ ಆರಿದ ಮೇಲೆ ಗಡುಸಾಗುವುದು ಖಂಡಿತ. ಕಟಿ ರೊಟ್ಟಿಯನ್ನು ಓವನ್ನಿಗೆ ಹಾಕಲೇಬೇಡಿ, ಅಲೆಗೆ ಸಿಗುವಷ್ಟು ನೀರೇ ಅದರಲ್ಲಿಲ್ಲ.

ಪವರ್ ತಪ್ಪಿದರೆ ರುಚಿಯಷ್ಟೇ ಅಲ್ಲ, ಆರೋಗ್ಯವೂ ಕೆಡುವ ಜಾಗವೆಂದರೆ ಹಿಮಗಟ್ಟಿದ ಪದಾರ್ಥ. ನೀರು ಅಲೆಗಳನ್ನು ಹೀರುವಷ್ಟು ಮಂಜುಗಡ್ಡೆ ಹೀರುವುದಿಲ್ಲ. ವ್ಯತ್ಯಾಸ ಸಾವಿರಾರು ಪಟ್ಟಿನದು. ಫ್ರೀಜರಿನಿಂದ ತೆಗೆದ ಕೋಳಿಮಾಂಸವನ್ನು ನೂರರಲ್ಲಿಟ್ಟರೆ ಅಂಚಿನಲ್ಲಿ ಮೊದಲು ಕರಗಿದ ಒಂದೆರಡು ಹನಿ ನೀರು ಉರಿಯನ್ನೆಲ್ಲ ತಾನೇ ಹೀರಿಕೊಳ್ಳುತ್ತದೆ. ಹೀರಿದಷ್ಟೂ ಅಲ್ಲಿ ಇನ್ನಷ್ಟು ಕರಗುತ್ತದೆ, ಕರಗಿದಷ್ಟೂ ಇನ್ನಷ್ಟು ಹೀರುತ್ತದೆ. ಅಂಚು ಬೆಂದು ಬಿಳಿಚುವ ಹೊತ್ತಿಗೆ ನಡುವೆ ಗಡ್ಡೆ ಹಾಗೆಯೇ ಇರುತ್ತದೆ. 'ಡಿಫ್ರಾಸ್ಟ್' ಗುಂಡಿ ಮಾಡುವುದು ಇಷ್ಟೇ: ಸುಮಾರು 30ರ ಪವರಿಗೆ ಇಳಿಸಿ, ಅಂಚಿನ ಬಿಸಿ ಒಳಗಿನ ಗಡ್ಡೆಗೆ ಸಾಗಲು ಹೊತ್ತು ಕೊಡುತ್ತದೆ. ಹಾಗೆ ಕರಗಿಸಿದ ಮಾಂಸವನ್ನು ಕೂಡಲೇ ಬೇಯಿಸಬೇಕು, ಏಕೆಂದರೆ ಕೆಲವು ಭಾಗ ಆಗಲೇ ಸೂಕ್ಷ್ಮಜೀವಿಗಳಿಗೆ ಹಿತವಾದ ಬಿಸಿ ಮುಟ್ಟಿರುತ್ತದೆ. ಉಳಿದ ಅಡುಗೆಯನ್ನು ಬಿಸಿ ಮಾಡುವಾಗಲೂ ಕಡಿಮೆ ಪವರ್ ಎಂದರೆ ಕಡಿಮೆ ಬಿಸಿ ಎಂದು ಅರ್ಥವಲ್ಲ. ನಡುಭಾಗ 74 ಡಿಗ್ರಿ ಮುಟ್ಟಲೇಬೇಕು. ತಗ್ಗಿದ ಪವರ್ ಮತ್ತು ಒಂದೆರಡು ಸಲ ಕಲಕುವುದು ಅಂಚನ್ನು ಸುಡದೆ ಅಲ್ಲಿಗೆ ತಲುಪಿಸುತ್ತವೆ. ಅನ್ನದ ವಿಷಯದಲ್ಲಿ ಮಾತ್ರ ಯಾವ ಪವರೂ ನೆರವಿಗೆ ಬರುವುದಿಲ್ಲ. ಬೇಸಿಗೆಯ ರಾತ್ರಿ ಹೊರಗೇ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು, ಕುದಿಸಿದರೂ ಕೆಡದ ವಿಷ ಬಿಟ್ಟಿರಬಹುದು. ಮಾಡಿದ ಎರಡು ಗಂಟೆಯೊಳಗೆ ಅನ್ನವನ್ನು ಫ್ರಿಜ್ಜಿಗೆ ಸೇರಿಸುವುದೇ ದಾರಿ. ಮೊಟ್ಟೆಯನ್ನು ಚಿಪ್ಪಿನ ಸಮೇತ ಯಾವ ಪವರಿನಲ್ಲೂ ಇಡಬಾರದು. ಹಸುಗೂಸಿನ ಹಾಲಿನ ಬಾಟಲಿಯನ್ನೂ ಇಡಬಾರದು. ಬಾಟಲಿ ಬೆಚ್ಚಗಿದ್ದರೂ ಒಳಗಿನ ಹಾಲಿನ ಒಂದು ಕಡೆ ಸುಡುವಷ್ಟು ಬಿಸಿ ಇರಬಹುದು.

ಕಡಿಮೆ ಪವರಿಗಿಟ್ಟರೆ ವಿಕಿರಣ ಕಡಿಮೆ, ಅದು ಆರೋಗ್ಯಕ್ಕೆ ಒಳ್ಳೆಯದು ಎಂದುಕೊಂಡು ಪವರ್ ತಗ್ಗಿಸುವವರೂ ಇದ್ದಾರೆ. ಅವರು ಮಾಡುವುದು ಸರಿ, ಕಾರಣ ಮಾತ್ರ ತಪ್ಪು. ಈ ಅಲೆಗಳು ಎಕ್ಸ್-ರೇಯ ಜಾತಿಯವಲ್ಲ, ರೇಡಿಯೋ ಅಲೆಗಳ ಜಾತಿಯವು. ಅಣುಗಳನ್ನು ಒಡೆಯುವ ಶಕ್ತಿ ಅವಕ್ಕಿಲ್ಲ, ಓವನ್ ಆರಿದ ಮೇಲೆ ಊಟದಲ್ಲಿ ಏನೂ ಉಳಿಯುವುದಿಲ್ಲ. ಬಾಗಿಲು ಸರಿಯಾಗಿ ಮುಚ್ಚುತ್ತಿದ್ದರೆ 100ಕ್ಕೂ 30ಕ್ಕೂ ಆ ಲೆಕ್ಕದಲ್ಲಿ ಭೇದವಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಇಷ್ಟೆಲ್ಲ ಲೆಕ್ಕ ಹಾಕುವ ಬದಲು ಗ್ಯಾಸ್ ಹಚ್ಚಿದರಾಗದೇ ಎಂಬುದು. ಆರು ಮಂದಿಗೆ ಮುದ್ದೆ ತಿರುವಬೇಕೆಂದರೆ ಗ್ಯಾಸೇ ಸರಿ. ರೊಟ್ಟಿ ಬೇಯಿಸುವುದಕ್ಕೆ ಹೆಂಚೇ ಬೇಕು, ಒಗ್ಗರಣೆಗೆ ಬೆಂಕಿಯೇ ಬೇಕು. ಆದರೆ ಮಕ್ಕಳು ಬೆಂಗಳೂರು ಸೇರಿ, ಊರಿನ ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದು, ಮಧ್ಯಾಹ್ನದ ಮುದ್ದೆಯನ್ನು ರಾತ್ರಿಗೆ ಬಿಸಿ ಮಾಡಿಕೊಳ್ಳುವ ಮನೆಗಳು ಹೆಚ್ಚುತ್ತಿವೆ. ಅಲ್ಲಿ ಒಲೆ ಹಚ್ಚಿ ಮರೆತುಬಿಡುವ ಭಯವಿಲ್ಲದ ಯಂತ್ರಕ್ಕೆ ಬೆಲೆಯಿದೆ. ಅಂಥ ಮನೆಗೆ ಓವನ್ ಕೊಂಡು ಕಳಿಸುವ ಮಗ ಅಥವಾ ಮಗಳು ಪವರ್ ಗುಂಡಿಯನ್ನು ಎಷ್ಟು ಸಲ ಒತ್ತಿದರೆ 60 ಬರುತ್ತದೆ ಎಂಬುದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿನ ಪಕ್ಕ ಅಂಟಿಸಿ ಹೋಗಬೇಕು.

ಉಳಿದದ್ದು ವೋಲ್ಟೇಜಿನ ಮಾತು. ಮೇಲೆ ಕೊಟ್ಟ ಅಂಕಿಗಳೆಲ್ಲ 700 ವ್ಯಾಟ್ ನಿಜವಾಗಿ ಕೊಡುವ ಓವನ್ನಿಗೆ ಸೇರಿದವು, ಮತ್ತು ಆ 700 ಎಂಬುದು 230 ವೋಲ್ಟ್ ಬಂದಾಗಿನ ಮಾತು. ಕೊಳವೆಬಾವಿ ಪಂಪುಗಳು ಓಡುವ ಹೊತ್ತಿನಲ್ಲಿ ಹಳ್ಳಿಗಳ ಲೈನಿನಲ್ಲಿ ವೋಲ್ಟೇಜ್ ಇಳಿಯುವುದು ಎಲ್ಲರಿಗೂ ಗೊತ್ತಿರುವುದೇ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಬಗೆಯ ಓವನ್ನಿನಲ್ಲಿ ವೋಲ್ಟೇಜ್ ನೂರಕ್ಕೆ ಹತ್ತು ಪಾಲು ಇಳಿದರೆ ಉರಿ ಅದಕ್ಕಿಂತಲೂ ಹೆಚ್ಚು ಪಾಲು ಇಳಿಯುತ್ತದೆ. ಹಾಗಾಗಿ ಪುಸ್ತಕದ ಅಂಕಿಯನ್ನು ನಂಬುವ ಮೊದಲು ನಿಮ್ಮ ಓವನ್ನನ್ನು ಅಳೆಯಿರಿ. ಓವನ್ನಿಗೆ ಒಗ್ಗುವ ಅಗಲವಾದ ಪಾತ್ರೆಯಲ್ಲಿ ಒಂದು ಲೀಟರ್ ತಣ್ಣೀರು ತೆಗೆದುಕೊಂಡು, ಅಡುಗೆಯ ಥರ್ಮಾಮೀಟರಿನಿಂದ ಅದರ ಬಿಸಿ ನೋಡಿ ಬರೆದುಕೊಳ್ಳಿ. ನೂರರ ಪವರಿನಲ್ಲಿ ಸರಿಯಾಗಿ ಎರಡು ನಿಮಿಷ ಇಟ್ಟು, ಹೊರತೆಗೆದು, ಚೆನ್ನಾಗಿ ಕಲಕಿ ಮತ್ತೆ ನೋಡಿ. ಎಷ್ಟು ಡಿಗ್ರಿ ಏರಿತೋ ಅದನ್ನು 35ರಿಂದ ಗುಣಿಸಿದರೆ ನಿಮ್ಮ ಓವನ್ ನಿಜವಾಗಿ ಕೊಡುತ್ತಿರುವ ವ್ಯಾಟ್ ಸಿಗುತ್ತದೆ. 20 ಡಿಗ್ರಿ ಏರಿದರೆ 700. 17 ಏರಿದರೆ 600ಕ್ಕೆ ತುಸು ಕಡಿಮೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದರೆ ನಿಮ್ಮ ಲೈನಿನ ಗುಣವೂ ತಿಳಿಯುತ್ತದೆ. ಆಮೇಲೆ ಯಾವ ಅಡುಗೆ ಪುಸ್ತಕ ತೆರೆದರೂ ತೊಡಕಿಲ್ಲ: 800 ವ್ಯಾಟಿನ ಓವನ್ನಿಗೆಂದು ಬರೆದ 70ರ ಪವರ್ ಎಂದರೆ 560 ವ್ಯಾಟ್, ಅದು 700ರ ಓವನ್ನಿನಲ್ಲಿ 80, ಸಂಜೆಯ ಹೊತ್ತು 600ಕ್ಕೆ ಇಳಿಯುವ ಓವನ್ನಿನಲ್ಲಿ ಸುಮಾರು 90.